ಇಳಕಲ್ ಸೀರೆಯ ಕೆಂಪು ಫೋಟೊದಲ್ಲಿ ಕಿತ್ತಳೆ ಆಗ್ತದೆ: ಮೊಬೈಲ್‌ನಲ್ಲೇ ಸರಿ ಮಾಡೋದು ಹೇಗೆ?

ತೋಪತೆನಿ (ಪ್ರಶ್ನೆ):

ನಮಸ್ಕಾರ್ರೀ ಎಲ್ಲರಿಗೂ. ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇವೆ. ಫೋಟೊ ತೆಗೆಯೋದು, ಎಡಿಟ್ ಮಾಡೋದು, ವಾಟ್ಸಾಪ್‌ಗೆ, ಇನ್‌ಸ್ಟಾಗ್ರಾಮ್‌ಗೆ ಹಾಕೋದು ಎಲ್ಲಾ ಒಂದೇ ಆಂಡ್ರಾಯ್ಡ್ ಫೋನಿನಲ್ಲಿ. ಲ್ಯಾಪ್‌ಟಾಪ್ ಇಲ್ಲ. ಎಡಿಟಿಂಗ್‌ಗೆ ನಾನು ಹೊಸಬಳು, ಸ್ನ್ಯಾಪ್‌ಸೀಡ್ ಎಂಬ ಫೋಟೊ ಎಡಿಟಿಂಗ್ ಆ್ಯಪ್ ಹಾಕಿಕೊಂಡಿದ್ದೇನೆ.

ತೊಂದರೆ ಇವು. ದಾಳಿಂಬೆ ಕೆಂಪಿನ ಸೆರಗು ಫೋಟೊದಲ್ಲಿ ಕಿತ್ತಳೆಗೆ ತಿರುಗುತ್ತದೆ, ಮಡಿಕೆ, ಎಳೆ ಯಾವುದೂ ಕಾಣದೆ ಬಣ್ಣ ಬಳಿದ ಹಾಗೆ ಮುದ್ದೆಯಾಗುತ್ತದೆ. ಸೆರಗಿನ ಬಿಳಿ ತೆನಿ ವಿನ್ಯಾಸ ಒಂದು ಫೋಟೊದಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ. ಒಂದೇ ದಿನ ತೆಗೆದ ಹತ್ತು ಸೀರೆಗೆ ಹತ್ತು ಥರದ ಬಣ್ಣ. ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ಕಸೂತಿ ಮಸುಕಾಗುತ್ತದೆ. "ಫೋಟೊದಾಗಿನ ಬಣ್ಣ ಬೇರೆ, ಬಂದ ಸೀರೆ ಬೇರೆ" ಅಂತ ಗಿರಾಕಿಗಳು ವಾಪಸ್ ಕಳಿಸ್ತಾರೆ.

ಈಗ ಮಾಡುತ್ತಿರುವುದು: ಫೋಟೊ ತೆರೆದು ಒಂದು ಲುಕ್ (ಸಿದ್ಧ ಫಿಲ್ಟರ್) ಒತ್ತುತ್ತೇನೆ, ಆಮೇಲೆ ಎಚ್‌ಡಿಆರ್ ಸ್ಕೇಪ್, ಆಮೇಲೆ ಸ್ಯಾಚುರೇಶನ್ (ಬಣ್ಣದ ಗಾಢತೆ) +40, ಕೊನೆಗೆ ಶಾರ್ಪನಿಂಗ್ +50. ಎಲ್ಲಿ ತಪ್ಪುತ್ತಿದೆ, ತಿಳಿದವರು ಹೇಳ್ರಿ.


ಬೆಳಕಿಂಡಿ:

ಅಕ್ಕಾ, ನಿಮ್ಮ ಕೆಂಪು ಎಡಿಟ್ ಮಾಡುವ ಮೊದಲೇ, ಫೋಟೊ ತೆಗೆಯುವಾಗಲೇ ಹಾಳಾಗಿರುತ್ತದೆ. ಅದು ಯಾಕೆ ಅಂತ ಗೊತ್ತಾದರೆ ಮುಂದಿನದೆಲ್ಲಾ ಸಲೀಸು.

ಫೋನು ಪ್ರತಿ ಚುಕ್ಕೆಯನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಲ್ಲಿ ಬರೆದಿಡುತ್ತದೆ. ಪ್ರತಿಯೊಂದೂ 0ಯಿಂದ 255ರ ತನಕ. ಲೆಕ್ಕಕ್ಕೆ ಹೇಳುವುದಾದರೆ, ನಿಮ್ಮ ಸೆರಗಿನ ಒಂದು ಚುಕ್ಕೆ ಕೆಂಪು 210, ಹಸಿರು 45, ನೀಲಿ 30 ಇದೆ ಅನ್ನಿ. ಕ್ಯಾಮೆರಾ ಅದನ್ನು ಒಂದೂವರೆ ಪಟ್ಟು ಬೆಳಗಿಸಿತು ಅಂದರೆ ಕೆಂಪು 315 ಆಗಬೇಕು, ಆದರೆ 255ಕ್ಕೆ ನಿಂತುಬಿಡುತ್ತದೆ. ಹಸಿರಿಗೆ ತಡೆಯಿಲ್ಲ, ಅದು 67ಕ್ಕೆ ಏರುತ್ತದೆ. ನೀಲಿ 45ಕ್ಕೆ. ಕೆಂಪು ನಿಂತು ಹಸಿರು ಏರಿದರೆ ಕಣ್ಣಿಗೆ ಕಾಣುವುದು ಕಿತ್ತಳೆ. ಮಡಿಕೆಯ ಮೇಲೂ ಕೆಂಪು 255, ಪಕ್ಕದಲ್ಲೂ 255 ಆದ್ದರಿಂದ ಮಡಿಕೆಯ ಏರಿಳಿತ ಅಳಿಸಿಹೋಗುತ್ತದೆ. ನೀವು ಹೇಳಿದ ಎರಡೂ ತೊಂದರೆಗೆ ಕಾರಣ ಇದೊಂದೇ. ಆಮೇಲೆ ಹೈಲೈಟ್ಸ್ (ಹೆಚ್ಚು ಬೆಳಗಿದ ಜಾಗಗಳು) ಎಷ್ಟು ಇಳಿಸಿದರೂ ಕಳೆದುಹೋದ ಎಳೆ ವಾಪಸ್ ಬರುವುದಿಲ್ಲ, ಫೈಲಿನಲ್ಲಿ ಅದು ಇಲ್ಲವೇ ಇಲ್ಲ. ಇದರ ಮೇಲೆ ಸ್ಯಾಚುರೇಶನ್ +40 ಕೊಟ್ಟರೆ 255 ಮುಟ್ಟದೆ ಉಳಿದಿದ್ದ ಎಳೆಗಳೂ ಹೋಗಿ ಮುಟ್ಟುತ್ತವೆ.

ಹಾಗಾಗಿ ತೆಗೆಯುವಾಗ: ಕ್ಯಾಮೆರಾದಲ್ಲಿ ಸೆರಗಿನ ಮೇಲೆ ಬೆರಳಿಂದ ಮುಟ್ಟಿ. ಪಕ್ಕದಲ್ಲಿ ಸೂರ್ಯನ ಗುರುತಿನ ಸ್ಲೈಡರ್ ಬರುತ್ತದೆ. ಅದನ್ನು ಸ್ವಲ್ಪ ಕೆಳಗಿಳಿಸಿ, ಅಂಕಿ ತೋರಿಸುವ ಫೋನಾದರೆ -0.3ರಿಂದ -0.7. ಇಡೀ ಚಿತ್ರ ತುಸು ಮಬ್ಬು ಅನಿಸುತ್ತದೆ, ಅನಿಸಲಿ. ತೆಗೆದ ಮೇಲೆ ಹಿಗ್ಗಿಸಿ ನೋಡಿದಾಗ ಕೆಂಪಿನೊಳಗೆ ಹೊಕ್ಕಿನ ಎಳೆ ಕಾಣಬೇಕು. ಕಂಡರೆ ಆ ಫೋಟೊ ಎಡಿಟ್‌ಗೆ ಯೋಗ್ಯ. ಕಾಣದಿದ್ದರೆ ಇನ್ನೂ ಇಳಿಸಿ ಮತ್ತೆ ತೆಗೆಯಿರಿ. ಮಬ್ಬನ್ನು ಎಡಿಟ್‌ನಲ್ಲಿ ಎತ್ತಬಹುದು, 255ಕ್ಕೆ ತಾಗಿದ್ದನ್ನು ಇಳಿಸಿ ಪ್ರಯೋಜನವಿಲ್ಲ.

ಬೆಳಕು ಒಂದೇ ಇರಲಿ. ಕಿಟಕಿ ಬೆಳಕಾದರೆ ಕೋಣೆಯ ಟ್ಯೂಬ್‌ಲೈಟು, ಬಲ್ಬು ಎಲ್ಲಾ ಆರಿಸಿ. ಒಂದು ಕಡೆಯಿಂದ ಹಗಲು, ಇನ್ನೊಂದು ಕಡೆಯಿಂದ ಹಳದಿ ಬಲ್ಬು ಬಿದ್ದರೆ ಸೀರೆಯ ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ. ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಸ್ಲೈಡರ್ ಒಂದೇ ಎರಡನ್ನೂ ಸರಿ ಮಾಡಲಾರದು. ನೇರ ಬಿಸಿಲು ಬೀಳದ ಕಿಟಕಿ ಒಳ್ಳೆಯದು. ಉತ್ತರದ ಕಿಟಕಿ ಇದ್ದರೆ ಬಹುತೇಕ ವರ್ಷವಿಡೀ ನಡೆಯುತ್ತದೆ. ಆದರೆ ನಿಮ್ಮ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ವಾಲಿರುತ್ತಾನೆ, ಆಗ ತೆಳು ಬಿಳಿ ಪಂಚೆ ಕಟ್ಟಿಕೊಳ್ಳಿ. ಕಿಟಕಿಯ ಎದುರು ಬದಿಗೆ ಒಂದು ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ನೆರಳಿನ ಕಡೆಯೂ ಬೆಳಕು ಸೇರುತ್ತದೆ. ಗೋಡೆ ಹಸಿರೋ ಗುಲಾಬಿಯೋ ಇದ್ದರೆ ಅದರ ಛಾಯೆ ಸೀರೆಗೆ ಹತ್ತುತ್ತದೆ, ಅದಕ್ಕೂ ಈ ಹಲಗೆಯೇ ಮದ್ದು.

ಅಗ್ಗದ ಎಲ್‌ಇಡಿ ಬಲ್ಬಿನಡಿ ಕೆಂಪು ತೆಗೆಯಲೇಬೇಡಿ. ಅಂಥ ಬಲ್ಬುಗಳ ಬೆಳಕಿನಲ್ಲಿ ಗಾಢ ಕೆಂಪಿನ ಅಂಶವೇ ಕಡಿಮೆ, ಮರೂನ್ ಎಲ್ಲಾ ಕಂದು ಕಾಣುತ್ತದೆ. ರಾತ್ರಿ ತೆಗೆಯುವುದು ಅನಿವಾರ್ಯವಾದರೆ ಡಬ್ಬಿಯ ಮೇಲೆ ಸಿಆರ್‌ಐ (ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 90 ಅಥವಾ ಅದಕ್ಕಿಂತ ಹೆಚ್ಚು ಅಂತ ಬರೆದಿರುವ ಬಲ್ಬು ತನ್ನಿ.


ಚೌಕಟ್ಟು:

ಮೇಲಿನವರು ಹೇಳಿದ್ದಕ್ಕೆ ಬಿಳಿ-ನೀಲಿ-ಹಳದಿಯ ವಿಷಯ ಸೇರಿಸುತ್ತೇನೆ.

ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಚೌಕಟ್ಟಿನಲ್ಲಿರುವ ಬಣ್ಣಗಳನ್ನು ನೋಡಿ ಬೆಳಕು ಯಾವ ಬಣ್ಣದ್ದು ಅಂತ ಊಹಿಸುತ್ತದೆ. ಚೌಕಟ್ಟು ತುಂಬಾ ಕೆಂಪು ಸೀರೆಯೇ ಇದ್ದರೆ ಬೆಳಕೇ ಕೆಂಪಗಿದೆ ಎಂದುಕೊಂಡು ನೀಲಿ-ಹಸಿರಿನ ಕಡೆಗೆ ಎಳೆಯುತ್ತದೆ. ಆಗ ಬಿಳಿ ತೆನಿ ನೀಲಿಯಾಗುತ್ತದೆ. ನವಿಲು ಹಸಿರಿನ ಸೀರೆ ಇಟ್ಟರೆ ಉಲ್ಟಾ ಎಳೆಯುತ್ತದೆ. ಹತ್ತು ಸೀರೆಗೆ ಹತ್ತು ಬಣ್ಣ ಬರುವ ಗುಟ್ಟು ಇಷ್ಟೇ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ಇದ್ದರೆ ಡಬ್ಲ್ಯುಬಿ (ವೈಟ್ ಬ್ಯಾಲೆನ್ಸ್) ಎಂಬುದನ್ನು ಆಟೊದಿಂದ ತೆಗೆದು ಒಂದು ಅಂಕಿಗೆ ಕಟ್ಟಿಹಾಕಿ. ನೆರಳಿನ ಕಿಟಕಿ ಬೆಳಕಿಗೆ 5500ರಿಂದ 6500 ಕೆಲ್ವಿನ್‌ನೊಳಗೆ ಎಲ್ಲಾದರೂ ಸರಿ. ಅಂಕಿ ನಿಖರ ಇರಬೇಕಿಲ್ಲ, ಎಲ್ಲಾ ಸೀರೆಗೂ ಒಂದೇ ಇರಬೇಕು, ಅದು ಮುಖ್ಯ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಅಥವಾ 200ಕ್ಕೆ ಇಡಿ. ಶಟರ್ ವೇಗ ಬೆಳಕಿಗೆ ತಕ್ಕಂತೆ. 1/60 ಸೆಕೆಂಡಿಗಿಂತ ನಿಧಾನವಾದರೆ ಫೋನನ್ನು ಸ್ಟ್ಯಾಂಡಿಗೆ ಹಾಕಿ.

ಇನ್ನು ಬಿಳಿಗೆ ಒಂದು ಸಾಕ್ಷಿ ಬೇಕು. ಎಲ್ಲರೂ ಎ4 ಹಾಳೆ ಇಡಿ ಅನ್ನುತ್ತಾರೆ. ಜೆರಾಕ್ಸ್ ಹಾಳೆಗೆ ಹೊಳಪು ಬರಲು ಒಂದು ರಾಸಾಯನಿಕ ಹಾಕಿರುತ್ತಾರೆ, ಹಗಲು ಬೆಳಕಿನಲ್ಲಿ ಅದು ನೀಲಿ ಸೂಸುತ್ತದೆ. ಆ ಹಾಳೆಯನ್ನು ಬಿಳಿ ಅಂತ ನಂಬಿಸಿದರೆ ಸೀರೆ ಹಳದಿಗೆ ವಾಲುತ್ತದೆ. ಅದರ ಬದಲು ನಲ್ಲಿ ಜೋಡಿಸುವಾಗ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ತನ್ನಿ. ಒಂದು ರಟ್ಟಿನ ತುಂಡಿಗೆ ಹತ್ತು-ಹನ್ನೆರಡು ಪದರ ಆಗುವಷ್ಟು ಸುತ್ತಿ, ರಟ್ಟಿನ ಬಣ್ಣ ಒಳಗಿಂದ ಕಾಣಬಾರದು. ಟೆಫ್ಲಾನ್ ಎಲ್ಲಾ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮವಾಗಿ ಹಿಂದಿರುಗಿಸುತ್ತದೆ. ಇದನ್ನು ಸೀರೆಯ ಪಕ್ಕ, ಸೀರೆಗೆ ಬೀಳುವ ಅದೇ ಬೆಳಕಿನಲ್ಲಿ, ಚೌಕಟ್ಟಿನ ಅಂಚಿಗೆ ಇಟ್ಟು ಫೋಟೊ ತೆಗೆಯಿರಿ.

ಎಡಿಟ್‌ನ ಕ್ರಮ ಹೀಗೆ. ಕ್ರಮ ಬದಲಿಸಬೇಡಿ, ಪ್ರತಿಯೊಂದಕ್ಕೂ ಕಾರಣ ಇದೆ.

ಮೊದಲು ವೈಟ್ ಬ್ಯಾಲೆನ್ಸ್. ಸ್ನ್ಯಾಪ್‌ಸೀಡ್‌ನಲ್ಲಿ ಟೂಲ್ಸ್, ಅದರೊಳಗೆ ವೈಟ್ ಬ್ಯಾಲೆನ್ಸ್. ಕೆಳಗೆ ಡ್ರಾಪರ್ ಚಿಹ್ನೆ ಇರುತ್ತದೆ, ಒತ್ತಿ. ತೆರೆಯ ಮೇಲೆ ಬರುವ ವೃತ್ತವನ್ನು ಟೆಫ್ಲಾನ್ ತುಂಡಿನ ಮೇಲಕ್ಕೆ ಎಳೆದು ಬಿಡಿ. ಇಡೀ ಚಿತ್ರದ ಬಣ್ಣ ತಟ್ಟನೆ ಸರಿಹೋಗುತ್ತದೆ. ಆ ತುಂಡು ಬೆಳಕಿಗೆ ಸುಟ್ಟು ಅಚ್ಚ ಬಿಳಿಯಾಗಿರಬಾರದು, ತುಸು ಬೂದು ಕಾಣಬೇಕು. ಮೂರೂ ಅಂಕಿ 255 ಆಗಿದ್ದರೆ ಡ್ರಾಪರ್‌ಗೆ ಬಣ್ಣದ ಸುಳಿವೇ ಸಿಗುವುದಿಲ್ಲ. ಪಕ್ಕದ ಎಡಬ್ಲ್ಯು ಗುಂಡಿ ಒತ್ತಬೇಡಿ, ಅದು ಮತ್ತೆ ಅದೇ ಊಹೆ.

ಎರಡನೆಯದು ಕ್ರಾಪ್. ಮೊದಲೇ ಕತ್ತರಿಸಿದ್ದರೆ ಟೆಫ್ಲಾನ್ ತುಂಡು ಹೋಗಿಬಿಡುತ್ತಿತ್ತು, ಅದಕ್ಕೇ ಈಗ. ಇನ್‌ಸ್ಟಾಗ್ರಾಮ್‌ಗೆ 4:5. ದಡಿ ಸೊಟ್ಟಗಿದ್ದರೆ ಪರ್ಸ್ಪೆಕ್ಟಿವ್ ಟೂಲಿನಲ್ಲಿ ನೇರ ಮಾಡಿ.

ಮೂರನೆಯದು ಟ್ಯೂನ್ ಇಮೇಜ್. ಬೆರಳನ್ನು ಮೇಲೆ-ಕೆಳಗೆ ಆಡಿಸಿದರೆ ಪಟ್ಟಿ ಬರುತ್ತದೆ, ಎಡ-ಬಲಕ್ಕೆ ಸರಿಸಿದರೆ ಅಂಕಿ ಬದಲಾಗುತ್ತದೆ. ಹೊಸಬರು ಇಲ್ಲೇ ಎಡವುವುದು, ಬೆರಳು ಓರೆಯಾಗಿ ಜಾರಿ ಬ್ರೈಟ್‌ನೆಸ್ ಬದಲು ಬೇರೇನೋ ಹೆಚ್ಚಾಗಿರುತ್ತದೆ. ಶುರುವಿಗೆ ಇಷ್ಟು ಇಟ್ಟು ನೋಡಿ: ಬ್ರೈಟ್‌ನೆಸ್ +10ರಿಂದ +20, ಹೈಲೈಟ್ಸ್ -20, ಶ್ಯಾಡೋಸ್ +15, ಕಾಂಟ್ರಾಸ್ಟ್ +5. ಸ್ಯಾಚುರೇಶನ್ 0. ವಾರ್ಮ್ತ್ 0, ಯಾಕೆಂದರೆ ಬಿಳಿ ಆಗಲೇ ಸರಿಯಾಗಿದೆ. ಆ್ಯಂಬಿಯೆನ್ಸ್ ಅಂತ ಒಂದಿದೆ, ನೋಡಲು ಬಲು ಸೊಗಸು, ಆದರೆ ಅದು ಬೆಳಕಿನ ಜೊತೆ ಬಣ್ಣವನ್ನೂ ಏರಿಸುತ್ತದೆ. ಬಟ್ಟೆಗೆ ಅದನ್ನು +5ರ ಮೇಲೆ ಒಯ್ಯಬೇಡಿ. ಇಷ್ಟಾದ ಮೇಲೂ ಕೆಂಪು ಜಾಸ್ತಿ ಉರಿಯುತ್ತಿದ್ದರೆ ಸ್ಯಾಚುರೇಶನ್ -5ರಿಂದ -10ಕ್ಕೆ ಇಳಿಸಿ.

ಎಚ್‌ಡಿಆರ್ ಸ್ಕೇಪ್ ಪೂರ್ತಿ ಬಿಡಿ. ಮಡಿಕೆಯ ನೆರಳನ್ನೆಲ್ಲಾ ಎತ್ತಿ ಸೀರೆಯನ್ನು ಚಪ್ಪಟೆ ಮಾಡುತ್ತದೆ, ದಡಿಯ ಸುತ್ತ ಬಿಳಿ ಮಸುಕಿನ ಗೆರೆ ಬರುತ್ತದೆ. ಲುಕ್‌ಗಳೂ ಮಾರುವ ಬಟ್ಟೆಗಲ್ಲ, ಅವು ಬಣ್ಣ ಬದಲಿಸಲೆಂದೇ ಇರುವಂಥವು.


ತೋಪತೆನಿ:

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಟೆಫ್ಲಾನ್ ಟೇಪ್ ಇಟ್ಟು ತೆಗೆದೆ, ಬಿಳಿ ತೆನಿ ಬಿಳಿಯಾಗೇ ಬಂತು, ಕೆಂಪೂ ಸರಿ ಅದ. ಈಗ ಎರಡು ಸಂಶಯ. ಸೆರಗು ಕಿಟಕಿಯಿಂದ ದೂರದ ಬದಿಗೆ ಬರುತ್ತದೆ, ಅದು ಕತ್ತಲು. ಬ್ರೈಟ್‌ನೆಸ್ ಏರಿಸಿದರೆ ಒಡಲು ಬೆಳ್ಳಗಾಗ್ತದ. ಮತ್ತೆ ಸೆರಗು ರೇಷ್ಮೆ, ಒಡಲು ಹತ್ತಿ. ಸೆರಗಿನ ಒಂದು ಜಾಗ ಬಿಳಿ ಹೊಳಪು ಹೊಡೀತದ, ಅದನ್ನು ಹೀಲಿಂಗ್‌ನಿಂದ ಅಳಿಸಬಹುದೇನ್ರಿ?


ಬೆಳಕಿಂಡಿ:

ಕತ್ತಲಿನದಕ್ಕೆ ಎರಡು ದಾರಿ.

ಸಣ್ಣ ವ್ಯತ್ಯಾಸವಾದರೆ ಸೆಲೆಕ್ಟಿವ್ ಟೂಲ್. ಸೆರಗಿನ ಕತ್ತಲ ಜಾಗದಲ್ಲಿ ಒಮ್ಮೆ ಮುಟ್ಟಿ, ಒಂದು ಗುಂಡು ಗುರುತು ಕೂರುತ್ತದೆ. ಎರಡು ಬೆರಳಿಂದ ಹಿಗ್ಗಿಸಿ-ಕುಗ್ಗಿಸಿದರೆ ವೃತ್ತದ ಅಳತೆ ಬದಲಾಗುತ್ತದೆ, ಆ ಹೊತ್ತಿಗೆ ಯಾವ ಭಾಗಕ್ಕೆ ತಗಲುತ್ತದೆ ಅನ್ನುವುದು ಕೆಂಪಾಗಿ ಕಾಣುತ್ತದೆ. ನಿಮ್ಮ ಸೀರೆಯೇ ಕೆಂಪಾದ್ದರಿಂದ ಅದು ಸರಿಯಾಗಿ ಗೊತ್ತಾಗದೆ ಹೋಗಬಹುದು, ನಿಧಾನವಾಗಿ ನೋಡಿ. ಈ ಟೂಲ್ ವೃತ್ತದೊಳಗೆ ಮುಟ್ಟಿದ ಚುಕ್ಕೆಯ ಬಣ್ಣವನ್ನು ಹೋಲುವ ಜಾಗವನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಕೆಂಪು ಸೆರಗಿನ ಮೇಲೆ ಇಟ್ಟರೆ ಹಸಿರು ಒಡಲಿಗೆ ಹೆಚ್ಚು ತಗಲುವುದಿಲ್ಲ. ಬ್ರೈಟ್‌ನೆಸ್ +15ರಿಂದ +25 ಸಾಕು. ಒಡಲೂ ಸೆರಗೂ ಹತ್ತಿರದ ಬಣ್ಣವಾಗಿದ್ದರೆ ಒಡಲಿನ ಮೇಲೊಂದು ಗುರುತು ಹಾಕಿ ಅಂಕಿಯನ್ನು 0ಯಲ್ಲೇ ಬಿಡಿ, ಆ ಭಾಗ ಬದಲಾಗದಂತೆ ಅದು ತಡೆಯುತ್ತದೆ. ಒಟ್ಟು 8 ಗುರುತು ಹಾಕಲು ಬರುತ್ತದೆ, ಸೀರೆಗೆ ಮೂರು ದಾಟುವ ಅಗತ್ಯ ಬೀಳುವುದಿಲ್ಲ.

ವ್ಯತ್ಯಾಸ ದೊಡ್ಡದಾದರೆ ಬೆರಳಿಂದ ಬಳಿಯುವ ದಾರಿ. ಟ್ಯೂನ್ ಇಮೇಜ್‌ನಲ್ಲಿ ಸೆರಗಿಗೆ ಬೇಕಾದಷ್ಟು ಬ್ರೈಟ್‌ನೆಸ್ ಏರಿಸಿ ಟಿಕ್ ಒತ್ತಿ. ಒಡಲು ಬೆಳ್ಳಗಾದದ್ದನ್ನು ಈಗ ಲೆಕ್ಕಿಸಬೇಡಿ. ಮೇಲೆ ಪದರಗಳ ಚಿಹ್ನೆ ಇದೆ, ಅದರಲ್ಲಿ ವ್ಯೂ ಎಡಿಟ್ಸ್. ಪಟ್ಟಿಯಲ್ಲಿ ಆ ಟ್ಯೂನ್ ಇಮೇಜ್ ಮುಟ್ಟಿದರೆ ಕುಂಚದ ಚಿಹ್ನೆ ಬರುತ್ತದೆ. ಅದನ್ನು ಒತ್ತಿದಾಗ ಚಿತ್ರ ಮೊದಲಿನಂತಾಗುತ್ತದೆ, ಗಾಬರಿ ಬೇಡ. ಕೆಳಗೆ 100 ಇರುವುದನ್ನು 50ಕ್ಕೆ ಇಳಿಸಿ ಸೆರಗಿನ ಮೇಲೆ ಬೆರಳಿಂದ ಬಳಿಯಿರಿ. ಬಳಿದಲ್ಲಿ ಮಾತ್ರ ಬೆಳಕು ಏರುತ್ತದೆ. ಹೊರಗೆ ಹೋದರೆ 0ಗೆ ಇಟ್ಟು ಒರೆಸಿ. ಕುಂಚಕ್ಕೆ ಪ್ರತ್ಯೇಕ ಅಳತೆ ಇಲ್ಲ. ಚಿತ್ರ ಹಿಗ್ಗಿಸಿದಷ್ಟೂ ಕುಂಚ ಸಣ್ಣದಾಗುತ್ತದೆ, ದಡಿಯ ಅಂಚಿಗೆ ಹಾಗೆ ಮಾಡಿ.

ಇದೇ ಪಟ್ಟಿಯಿಂದ ಹಿಂದೆ ಮಾಡಿದ ಯಾವ ಹಂತವನ್ನಾದರೂ ತೆರೆದು ಅಂಕಿ ತಿದ್ದಬಹುದು, ಪೂರಾ ಅಳಿಸಲೂಬಹುದು. ಮೊದಲಿಂದ ಶುರು ಮಾಡುವ ಶ್ರಮ ಉಳಿಯುತ್ತದೆ.

ಹೊಳಪಿನ ಬಗ್ಗೆ ನೇಯ್ಗೆ ಬಲ್ಲವರು ಯಾರಾದರೂ ಹೇಳಲಿ. ನನ್ನ ಕಡೆಯಿಂದ ಒಂದೇ ಮಾತು, ಸೀರೆಯನ್ನು ಅಥವಾ ಫೋನನ್ನು ಒಂದು ಗೇಣು ಆಚೀಚೆ ಸರಿಸಿದರೆ ಆ ಬಿಳಿ ಹೊಳಪು ಜಾಗ ಬಿಡುತ್ತದೆ. ಕಿಟಕಿಯ ಪ್ರತಿಬಿಂಬ ಅದು.


ಹಾಸುಹೊಕ್ಕು:

ದಯವಿಟ್ಟು ಸೀರೆಯ ಮೈಮೇಲೆ ಹೀಲಿಂಗ್ ಆಡಿಸಬೇಡಿ ಅಕ್ಕಾ. ಇದನ್ನು ಒತ್ತಿ ಹೇಳುತ್ತೇನೆ. ಹೀಲಿಂಗ್ ಪಕ್ಕದ ಜಾಗದಿಂದ ತುಣುಕು ತಂದು ಹಚ್ಚುತ್ತದೆ. ಹಿನ್ನೆಲೆಯ ಗೋಡೆಯ ಮೊಳೆ, ನೆಲದ ಕಲೆ ಅಳಿಸಲು ಅದು ಸೊಗಸಾಗಿದೆ. ಬಟ್ಟೆಯ ಮೇಲೆ ಹಚ್ಚಿದರೆ ಎಳೆಗಳ ಲೆಕ್ಕ ತಪ್ಪುತ್ತದೆ, ದಡಿಯ ವಿನ್ಯಾಸ ಮಧ್ಯದಲ್ಲಿ ಮುರಿಯುತ್ತದೆ. ಈಗ ಫೋನುಗಳಲ್ಲಿ ಬರುತ್ತಿರುವ ಎಐ ಇರೇಸರ್‌ಗಳು ಇನ್ನೂ ಅಪಾಯ, ಇಲ್ಲದ ವಿನ್ಯಾಸವನ್ನೇ ಹೆಣೆದು ಕೂರಿಸುತ್ತವೆ. ಚಿಕ್ಕಿ ಪರಾಸ್ ದಡಿ ಕೊಟ್ಟರೆ ಚಿಕ್ಕಿ ಎಲ್ಲೋ, ಪರಾಸ್ ಎಲ್ಲೋ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲು (ಉದ್ದಕ್ಕೆ ಹೋಗುವ ನೂಲು) ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಕುಣಿಕೆ ಹಾಕಿ ಸೇರಿಸಿದ ಗೆರೆ ಸೀರೆಯ ಅಡ್ಡಕ್ಕೂ ಕಾಣುತ್ತದೆ. ತಿಳಿಯದವರು ಅದನ್ನು ದೋಷ ಅಂದುಕೊಂಡು ಫೋಟೊದಲ್ಲಿ ಒರೆಸುತ್ತಾರೆ. ಬಲ್ಲ ಗಿರಾಕಿ ಮೊದಲು ಹುಡುಕುವುದೇ ಆ ಜೋಡಣೆಯನ್ನು. ಅದರದ್ದೇ ಒಂದು ಹತ್ತಿರದ ಫೋಟೊ ತೆಗೆದು ಹಾಕಿ. ನೂಲು ಎಲ್ಲಾದರೂ ಎದ್ದಿದ್ದರೆ, ಕಲೆ ಇದ್ದರೆ ಅದನ್ನೂ ತೋರಿಸಿ.

ಹೊಳಪಿಗೆ ಬರೋಣ. ಹತ್ತಿ ಬೆಳಕನ್ನು ಎಲ್ಲಾ ದಿಕ್ಕಿಗೂ ಚೆದರಿಸುತ್ತದೆ, ರೇಷ್ಮೆ ಒಂದು ದಿಕ್ಕಿಗೆ ಹೆಚ್ಚು ಹೊಡೆಯುತ್ತದೆ. ಆದ್ದರಿಂದ ಕಿಟಕಿ ನಿಮ್ಮ ಬೆನ್ನ ಹಿಂದೆಯೂ ಬೇಡ, ಎದುರಿಗೂ ಬೇಡ, ಪಕ್ಕಕ್ಕೆ ಇರಲಿ. ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಕಸೂತಿಯ ಪ್ರತಿ ಎಳೆಗೂ ಸಣ್ಣ ನೆರಳು ಬಿದ್ದು ಗವಂತಿ, ಮುರ್ಗಿ, ಮೆಂತಿ ಹೊಲಿಗೆ ಎದ್ದು ಕಾಣುತ್ತದೆ. ಫೋನಿನ ಫ್ಲ್ಯಾಶ್ ಎದುರಿನಿಂದಲೇ ಹೊಡೆಯುವುದರಿಂದ ಆ ನೆರಳೇ ಇರುವುದಿಲ್ಲ, ಕಸೂತಿ ಅಚ್ಚು ಹೊಡೆದ ಬಟ್ಟೆ ಥರ ಕಾಣುತ್ತದೆ. ಹೊಳಪು ಸ್ವಲ್ಪ ಉಳಿಯಲಿ, ರೇಷ್ಮೆ ಅಂತ ಗೊತ್ತಾಗುವುದು ಅದರಿಂದಲೇ. ಎಳೆ ಕಾಣದಷ್ಟು ಬಿಳಿಯಾದರೆ ಮಾತ್ರ ತಪ್ಪು.

ಪೋರ್ಟ್ರೇಟ್ ಮೋಡ್ ಬೇಡ. ಹಿನ್ನೆಲೆ ಮಸುಕು ಮಾಡುವ ಲೆಕ್ಕದಲ್ಲಿ ಸೆರಗಿನ ಕುಚ್ಚಿನ ಎಳೆಗಳನ್ನೂ ಅದು ಮಸುಕು ಮಾಡುತ್ತದೆ.


ಚೌಕಟ್ಟು:

ಕಸೂತಿ ಮಸುಕಾಗುವುದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಅದರ ಲೆಕ್ಕ ನೋಡಿ.

ಸೀರೆಯ ಪೂರ್ತಿ ಅಗಲ ಸುಮಾರು 1.2 ಮೀಟರ್, ಅಂದರೆ 1200 ಮಿಲಿಮೀಟರ್. ಇನ್‌ಸ್ಟಾಗ್ರಾಮ್‌ನ 4:5 ಫೋಟೊ 1080 ಪಿಕ್ಸೆಲ್ ಅಗಲ, 1350 ಎತ್ತರ. ಅಗಲವಿಡೀ ತೋರಿಸಿದರೆ ಒಂದು ಮಿಲಿಮೀಟರ್ ಬಟ್ಟೆಗೆ ಒಂದು ಪಿಕ್ಸೆಲ್ ಕೂಡ ಸಿಗುವುದಿಲ್ಲ, 0.9 ಅಷ್ಟೇ. ಒಂದು ಮಿಲಿಮೀಟರಿಗಿಂತ ತೆಳುವಾದ ಕಸೂತಿ ಎಳೆಗೆ ಅಲ್ಲಿ ಜಾಗವೇ ಇಲ್ಲ. ಶಾರ್ಪನಿಂಗ್ ಎಷ್ಟು ಏರಿಸಿದರೂ ಅದು ಬಾರದು. ಅದೇ 15 ಸೆಂಟಿಮೀಟರ್ ಅಗಲದ ಜಾಗವನ್ನು ಹತ್ತಿರದಿಂದ ತೆಗೆದರೆ ಮಿಲಿಮೀಟರಿಗೆ 7.2 ಪಿಕ್ಸೆಲ್. ಆದ್ದರಿಂದ ಒಂದೇ ಫೋಟೊದಲ್ಲಿ ಎಲ್ಲಾ ತೋರಿಸಲು ಹೋಗಬೇಡಿ. ಪೂರ್ತಿ ಸೀರೆ ಒಂದು, ಸೆರಗು ಒಂದು, ದಡಿ ಒಂದು, ಕಸೂತಿಯದ್ದು ಒಂದು. ಹತ್ತಿರದಿಂದ ತೆಗೆಯುವಾಗ 1x ಲೆನ್ಸ್‌ನಲ್ಲೇ ಇದ್ದು ಫೋಕಸ್ ಹಿಡಿಯುವಷ್ಟು ದೂರ ನಿಲ್ಲಿ. ತೀರಾ ಹತ್ತಿರ ಹೋದರೆ ಕೆಲವು ಫೋನು ತಾನಾಗಿಯೇ ಅಲ್ಟ್ರಾವೈಡ್‌ಗೆ ಜಿಗಿಯುತ್ತದೆ, ಅಂಚುಗಳು ಬಾಗುತ್ತವೆ. ಬೆಳಿಗ್ಗೆ ಮೊದಲ ಫೋಟೊಕ್ಕೆ ಮುಂಚೆ ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಬೆರಳ ಜಿಡ್ಡು ಕೂತಿದ್ದರೆ ಬಿಳಿ ಎಳೆಯ ಸುತ್ತ ಮಂಜು ಕವಿದಂತಾಗುತ್ತದೆ, ಅದನ್ನು ಯಾವ ಆ್ಯಪೂ ಪೂರ್ತಿ ತೆಗೆಯಲಾರದು.

ಶಾರ್ಪನಿಂಗ್ ಯಾವತ್ತೂ ಕೊನೆಗೆ. ಡೀಟೇಲ್ಸ್ ಟೂಲಿನಲ್ಲಿ ಸ್ಟ್ರಕ್ಚರ್ +5ರಿಂದ +10, ಶಾರ್ಪನಿಂಗ್ +10ರಿಂದ +15. ನೀವು ಕೊಡುತ್ತಿದ್ದ +50 ಎಳೆಯ ಎರಡೂ ಬದಿಗೆ ಬಿಳಿ ಅಂಚು ಕಟ್ಟುತ್ತದೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸುವಾಗ ಆ ಅಂಚೆಲ್ಲಾ ಒಡೆದು ಕಲಸುಮೇಲೋಗರ.

ಚೌಕಳಿ ಅಥವಾ ಸಣ್ಣ ಪಟ್ಟೆಯ ಒಡಲಾದರೆ ಇನ್ನೊಂದು ಕಾಟ ಇದೆ. ಸೀರೆಯಲ್ಲಿ ಇಲ್ಲದ ಅಲೆಅಲೆಯ ಪಟ್ಟಿಗಳು ಫೋಟೊದಲ್ಲಿ ಮೂಡುತ್ತವೆ. ತೆಳು ಗೆರೆಗಳೂ ಪಿಕ್ಸೆಲ್‌ಗಳ ಸಾಲೂ ಒಂದಕ್ಕೊಂದು ಹೊಂದದೆ ಬರುವ ಮೊಯ್ರೆ ಅದು. ಫೋಟೊವನ್ನು ಪೂರ್ತಿ ಹಿಗ್ಗಿಸಿ ನೋಡಿ. ಅಲೆ ಆಗಲೂ ಇದ್ದರೆ ಅದು ತೆಗೆಯುವಾಗಲೇ ಬಂದದ್ದು, ಫೋನನ್ನು ಒಂದಡಿ ಹಿಂದಕ್ಕೋ ಮುಂದಕ್ಕೋ ಒಯ್ದು ಅಥವಾ ಸೀರೆಯನ್ನು ತುಸು ಓರೆಯಾಗಿ ಹಾಸಿ ಮತ್ತೆ ತೆಗೆಯಿರಿ. ಹಿಗ್ಗಿಸಿದಾಗ ಇಲ್ಲದೆ ಸಣ್ಣದಾದಾಗ ಮಾತ್ರ ಬಂದರೆ ಕುಗ್ಗಿಸುವುದರಿಂದ ಬಂದದ್ದು, ಸ್ಟ್ರಕ್ಚರ್ -10ಕ್ಕೆ ಇಳಿಸಿ ಶಾರ್ಪನಿಂಗ್ 0 ಮಾಡಿ ನೋಡಿ.

ಉಳಿಸುವುದು: ಸ್ನ್ಯಾಪ್‌ಸೀಡ್ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ ಆ್ಯಂಡ್ ಕ್ವಾಲಿಟಿ ಜೆಪಿಜಿ 95%, ಇಮೇಜ್ ಸೈಜಿಂಗ್‌ನಲ್ಲಿ ಡು ನಾಟ್ ರೀಸೈಜ್. ಎಕ್ಸ್‌ಪೋರ್ಟ್ ಕೊಟ್ಟಾಗ ಪ್ರತಿ ಬೇರೆಯಾಗಿ ಉಳಿಯುತ್ತದೆ, ಮೂಲ ಫೋಟೊ ಹಾಗೇ ಇರುತ್ತದೆ. ಮೂಲವನ್ನು ಅಳಿಸಬೇಡಿ. ಎಡಿಟ್ ಮಾಡಿದ್ದನ್ನೇ ತೆರೆದು ಮತ್ತೆ ಎಡಿಟ್ ಮಾಡಿ ಮತ್ತೆ ಉಳಿಸಿದರೆ ಜೆಪಿಜಿ ಪ್ರತಿ ಸಲವೂ ಒಂದಿಷ್ಟು ವಿವರ ಕಳೆಯುತ್ತದೆ.

ವಾಟ್ಸಾಪ್‌ನಲ್ಲಿ ಕಳಿಸುವಾಗ ಮೇಲೆ ಎಚ್‌ಡಿ ಚಿಹ್ನೆ ಒತ್ತಿ ಕಳಿಸಿ. ಅಂಗಡಿಯವರಿಗೆ, ಪ್ರಿಂಟ್ ಹಾಕುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಕುಗ್ಗದೆ ಹೋಗುತ್ತದೆ. ಗುಂಪಿನಲ್ಲಿ ಬಂದ ನಿಮ್ಮದೇ ಫೋಟೊವನ್ನು ಇಳಿಸಿಕೊಂಡು ಎಡಿಟ್ ಮಾಡುವುದು, ಸ್ಕ್ರೀನ್‌ಶಾಟ್ ತೆಗೆದು ಹಾಕುವುದು ಬೇಡವೇ ಬೇಡ.


ತೋಪತೆನಿ:

ಇದೆಲ್ಲಾ ಬರೆದಿಟ್ಕೊಂಡೆ. ಕೊನೇದು ಕೇಳ್ತೀನ್ರಿ. ಹತ್ತು ಸೀರೆಗೂ ಹಿಂಗ ಒಂದೊಂದೇ ಮಾಡಬೇಕೇನು? ಮತ್ತೆ ನನ್ನ ಫೋನಿನಾಗ ಸರಿ ಕಂಡ ಬಣ್ಣ ತಂಗಿಯ ಐಫೋನಿನಾಗ ಬೇರೆ ಕಾಣ್ತದ.


ಬೆಳಕಿಂಡಿ:

ಒಂದೊಂದೇ ಬೇಡ. ಒಂದೇ ಜಾಗ, ಒಂದೇ ಹೊತ್ತು, ಪ್ರೊ ಮೋಡ್‌ನಲ್ಲಿ ಡಬ್ಲ್ಯುಬಿ ಕಟ್ಟಿಹಾಕಿ ತೆಗೆದ ಫೋಟೊಗಳಾದರೆ ಮೊದಲನೆಯದಕ್ಕೆ ವೈಟ್ ಬ್ಯಾಲೆನ್ಸ್, ಟ್ಯೂನ್ ಇಮೇಜ್ ಮಾತ್ರ ಮಾಡಿ ಲುಕ್ಸ್ ಪಟ್ಟಿಯ ಕೊನೆಯ + ಒತ್ತಿ ನಿಮ್ಮದೇ ಹೆಸರು ಕೊಟ್ಟು ಉಳಿಸಿ. "ಕಿಟಕಿ ಬೆಳಿಗ್ಗೆ 9" ಅಂತ ಹೆಸರಿಟ್ಟರೆ ಆಮೇಲೂ ಗುರುತು ಸಿಗುತ್ತದೆ. ಉಳಿದ ಒಂಬತ್ತಕ್ಕೂ ಅದನ್ನೇ ಒತ್ತಿ, ಆಮೇಲೆ ಕ್ರಾಪ್, ಸೆಲೆಕ್ಟಿವ್ ಬೇಕಾದಷ್ಟು. ಮೋಡ ಕವಿದರೆ, ಹೊತ್ತು ಏರಿದರೆ ಟೆಫ್ಲಾನ್ ತುಂಡು ಇಟ್ಟು ಹೊಸದೊಂದು ಮಾಡಿ.

ಒಂದು ನಿರ್ದಿಷ್ಟ ಬಣ್ಣವನ್ನಷ್ಟೇ ತಿದ್ದಬೇಕಾದರೆ, ಉದಾಹರಣೆಗೆ ಗಿಣಿ ಹಸಿರು ಸರಿಯಿದ್ದು ಕೆಂಪು ಮಾತ್ರ ಕಿತ್ತಳೆಗೆ ವಾಲಿದ್ದರೆ, ಸ್ನ್ಯಾಪ್‌ಸೀಡ್‌ಗಿಂತ ಲೈಟ್‌ರೂಮ್ ಮೊಬೈಲ್ ಆ್ಯಪ್ ವಾಸಿ. ದುಡ್ಡು ಕೊಡದೆಯೇ ಕಲರ್ ಮಿಕ್ಸ್ ಸಿಗುತ್ತದೆ. ಅದರಲ್ಲಿ ಕೆಂಪನ್ನು ಆರಿಸಿ ಹ್ಯೂ (ಬಣ್ಣದ ಛಾಯೆ) -5ರಿಂದ -10, ಲ್ಯುಮಿನೆನ್ಸ್ (ಆ ಬಣ್ಣದ ಬೆಳಕು) -5 ಮಾಡಿ. ಕೆಂಪಿನ ಜೊತೆಗೆ ಕಿತ್ತಳೆಯ ಪಟ್ಟಿಯನ್ನೂ ಸ್ವಲ್ಪ ನೋಡಿ, ಬಟ್ಟೆಯ ಕೆಂಪು ಸಾಮಾನ್ಯವಾಗಿ ಎರಡರಲ್ಲೂ ಹಂಚಿಹೋಗಿರುತ್ತದೆ. ಹಿಸ್ಟೋಗ್ರಾಮ್ (ಕತ್ತಲಿಂದ ಬೆಳಕಿನ ತನಕ ಎಷ್ಟೆಷ್ಟು ಚುಕ್ಕೆ ಇವೆ ಎಂದು ತೋರುವ ನಕ್ಷೆ) ಹಾಕಿಕೊಂಡರೆ ಮೂರು ಬಣ್ಣವೂ ಬೇರೆಬೇರೆಯಾಗಿ ಕಾಣುತ್ತದೆ. ಕೆಂಪು ಗುಡ್ಡ ಬಲಗಡೆಯ ಗೋಡೆಗೆ ಒತ್ತಿ ನಿಂತಿದ್ದರೆ ಆ ಫೋಟೊ ಬಿಟ್ಟು ಬೇರೆ ತೆಗೆಯಿರಿ.


ಚೌಕಟ್ಟು:

ತೆರೆಯ ವಿಷಯ: ಎಡಿಟ್‌ಗೆ ಕೂರುವ ಮೊದಲು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ವಿವಿಡ್ ಇದ್ದರೆ ನ್ಯಾಚುರಲ್ ಮಾಡಿ. ವಿವಿಡ್‌ನಲ್ಲಿ ಕೆಂಪು-ಹಸಿರು ಎರಡೂ ಉಬ್ಬಿ ಕಾಣುತ್ತವೆ. ಅದನ್ನು ನಂಬಿ ಬಣ್ಣ ಇಳಿಸಿದರೆ ಬೇರೆಯವರ ಫೋನಿನಲ್ಲಿ ಸೀರೆ ಸಪ್ಪೆ. ಐ ಕಂಫರ್ಟ್, ನೈಟ್ ಲೈಟ್ ಆಫ್ ಮಾಡಿ. ಐಫೋನಿನಲ್ಲಿ ಟ್ರೂ ಟೋನ್ ಮತ್ತು ನೈಟ್ ಶಿಫ್ಟ್ ಇರುತ್ತದೆ, ತಂಗಿಯ ಫೋನಿನಲ್ಲಿ ಅವೆರಡನ್ನೂ ಆಫ್ ಮಾಡಿ ಮತ್ತೆ ಹೋಲಿಸಿ, ಬಹಳಷ್ಟು ವ್ಯತ್ಯಾಸ ಅಲ್ಲೇ ತೀರುತ್ತದೆ. ಆಟೊ ಬ್ರೈಟ್‌ನೆಸ್ ತೆಗೆದು ಸುಮಾರು 60%ಗೆ ನಿಲ್ಲಿಸಿ. ಸೀರೆಯನ್ನು ಕಿಟಕಿಯ ಪಕ್ಕ ಹರಡಿ, ಫೋನನ್ನು ಅದರ ಪಕ್ಕದಲ್ಲೇ ಹಿಡಿದು ಕೊನೆಯ ಸಲ ಬಣ್ಣ ನೋಡಿ. ರಾತ್ರಿ ಬಲ್ಬಿನಡಿ ನೋಡಿ ತೀರ್ಮಾನಿಸಬೇಡಿ.

ಎಲ್ಲರ ಫೋನಿನಲ್ಲೂ ಒಂದೇ ಬಣ್ಣ ಕಾಣಿಸುವುದು ಯಾರ ಕೈಯಲ್ಲೂ ಇಲ್ಲ. ಅದಕ್ಕೆ ಫೋಟೊದ ಕೆಳಗೆ "ದಾಳಿಂಬೆ ಕೆಂಪು, ಕಿತ್ತಳೆ ಛಾಯೆ ಇಲ್ಲ" ಅಂತ ಬಣ್ಣವನ್ನು ಮಾತಿನಲ್ಲೂ ಬರೆಯಿರಿ. ಅಂಗಳದ ನೆರಳಿನಲ್ಲಿ ಸೆರಗು ಬಿಡಿಸುವ 10 ಸೆಕೆಂಡಿನ ವಿಡಿಯೊ ಒಂದು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ತಂಗಿಯ ಐಫೋನಿನಲ್ಲೇ ಎಡಿಟ್ ಮಾಡುವುದಾದರೆ, 2025ರಲ್ಲಿ ಬಂದ ಸ್ನ್ಯಾಪ್‌ಸೀಡ್ 3.0ರಲ್ಲಿ ಟೂಲುಗಳ ಜಾಗ ಬದಲಾಗಿದೆ. ಹೆಸರುಗಳು ಬಹುತೇಕ ಅವೇ, ಹುಡುಕಿಕೊಳ್ಳಬೇಕು ಅಷ್ಟೇ. ಆ ಫೋನಿನಲ್ಲಿ ತೆಗೆದ ಫೋಟೊ ಬೇರೆ ಕಡೆ ತೆರೆಯದಿದ್ದರೆ ಅದು ಎಚ್‌ಇಐಸಿ ಫೈಲು. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಮಾಡಿದರೆ ಮುಂದಿನ ಫೋಟೊಗಳೆಲ್ಲಾ ಜೆಪಿಜಿಯಲ್ಲಿ ಬರುತ್ತವೆ.